ಮನೆ ಮುಟ್ಟಿದರೆ ಒಂದು

ಕ್ರಿಕೆಟ್ಟಿನಲ್ಲಿ ದಾಂಡಿಗರಿಬ್ಬರು ಓಡಿ ಜಾಗ ಬದಲಿಸಿಕೊಂಡರೆ ಒಂದು ರನ್ನಾಯಿತು. ಅಮೆರಿಕೆಯ ಬೇಸ್‌ಬಾಲ್ ಅಷ್ಟಕ್ಕೆ ಒಪ್ಪುವುದಿಲ್ಲ. ಅಲ್ಲಿ ದಾಂಡಿಗನು ಹೊಡೆದು ಹೊರಡುವ ತಾಣಕ್ಕೆ ‘ಹೋಮ್ ಪ್ಲೇಟ್’ ಎಂದು ಹೆಸರು. ಅಲ್ಲಿಂದ ಹೊರಟು, 90 ಅಡಿಗೊಂದರಂತಿರುವ ಮೂರು ಬೇಸುಗಳನ್ನು ಸರದಿಯಾಗಿ ಮುಟ್ಟಿ, ಹೊರಟಲ್ಲಿಗೇ ಮರಳಿದರೆ ಮಾತ್ರ ಒಂದು ರನ್ನು. ನಮ್ಮ ಚೌಕಾಬಾರದ ಕಾಯಿ ಸುತ್ತಿ ಬಂದು ಹಣ್ಣಾಗುವಂತೆಯೇ ಎನ್ನಿ.

ಪ್ಲೇಟೆಂದರೆ ತಟ್ಟೆಯಲ್ಲ, ನೆಲದ ಮಟ್ಟಕ್ಕೆ ಹೂತಿರುವ, 17 ಅಂಗುಲ ಅಗಲದ ಬಿಳಿ ರಬ್ಬರಿನ ಹಲಗೆ. ಮೊದಲು ಚೌಕವಾಗಿದ್ದುದು 1900ರಲ್ಲಿ ಐದು ಮೂಲೆಯದಾಯಿತು. ಎಸೆಯುವವನ ಕಡೆಗೆ ಮೊನೆಯ ಬದಲು ನೇರ ಅಂಚು ಬಂದುದರಿಂದ, ಚೆಂಡು ಅದರ ಮೇಲೆ ಹಾಯಿತೋ ಪಕ್ಕಕ್ಕೆ ಹೋಯಿತೋ ಎಂದು ನೋಡುವುದು ತೀರ್ಪುಗಾರನಿಗೆ ಸುಲಭವಾಯಿತು.

1955ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ ಬ್ರೂಕ್ಲಿನ್ ತಂಡದ ಜಾಕಿ ರಾಬಿನ್ಸನ್, ಚೆಂಡು ಎಸೆಯುವಷ್ಟರಲ್ಲಿ ಮೂರನೆಯ ಬೇಸಿನಿಂದ ನುಗ್ಗಿ ಮನೆ ಮುಟ್ಟಿದನು. ತೀರ್ಪುಗಾರನು ಒಪ್ಪಿದನು, ಚೆಂಡು ಹಿಡಿದಿದ್ದ ಯೋಗಿ ಬೆರಾ ಮಾತ್ರ ಮುಪ್ಪಿನವರೆಗೂ ಒಪ್ಪಲಿಲ್ಲ.

ಹೀಗೆ ಒಂಟಿಯಾಗಿ ಮನೆ ಸೇರುವವರು ಅಪರೂಪ. ಮೂರನೆಯ ಬೇಸಿನಲ್ಲಿ ನಿಂತಿರುವಾಗಲೇ ತಂಡದ ಸರದಿ ಮುಗಿದರೆ, ಅಷ್ಟು ಓಡಿದ್ದೂ ಲೆಕ್ಕಕ್ಕಿಲ್ಲ. ಆದುದರಿಂದ ಎಷ್ಟೋ ಸಲ ಹಿಂದಿನಿಂದ ಬಂದ ದಾಂಡಿಗನು, ತಾನು ಔಟಾದರೂ ಆಗಲೆಂದು ಚೆಂಡನ್ನು ದೂರಕ್ಕೆ ಎತ್ತಿ ಹೊಡೆಯುತ್ತಾನೆ. ಅದು ಎದುರಾಳಿಯ ಕೈಸೇರಿದೊಡನೆ ಮೂರನೆಯ ಬೇಸಿನವನು ಮನೆಗೆ ಓಡುತ್ತಾನೆ. ಆ ಹೊಡೆತಕ್ಕೆ ‘ಸ್ಯಾಕ್ರಿಫೈಸ್’, ಎಂದರೆ ತ್ಯಾಗವೆಂದೇ ಹೆಸರು. ಆ ಔಟು ಹೊಡೆದವನ ಸರಾಸರಿಯನ್ನು ತಗ್ಗಿಸುವುದಿಲ್ಲ. ಅಂಕಪುಸ್ತಕದಲ್ಲಿ ಅದನ್ನು ಬೇರೆಯಾಗಿ ಬರೆದಿಡುತ್ತಾರೆ.

ನಮ್ಮನ್ನು ದಡ ಮುಟ್ಟಿಸಲೆಂದು ಊರಿನಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟವರ ಲೆಕ್ಕವನ್ನು ನಾವೂ ಹಾಗೆ ಬರೆದಿಟ್ಟಿದ್ದೇವೆಯೆ?