ಬೆಳ್ಳಿಯ ಅರಸನಿಗೆ ಬಾಗುವುದು

ಗಾಳ ಹಾಕುವವನಿಗೆ ಮೊದಲು ಬೇಕಾದುದು ತಾಳ್ಮೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೆರೆಯ ದಂಡೆಯಲ್ಲಿ ಕುಳಿತವನಷ್ಟು ಚೆನ್ನಾಗಿ ಬಲ್ಲವರಾರು? ಆದರೆ ಗಾಳಕ್ಕೆ ಸಿಕ್ಕಿದ ಮೀನಿಗೆ ಗಾಳಗಾರನೇ ಬಾಗಿ ನಮಿಸಬೇಕೆಂಬ ನಿಯಮವಿರುವ ಆಟವೊಂದುಂಟೆಂದರೆ ಓದುಗರಿಗೆ ವಿನೋದವೆನಿಸಬಹುದು. ಅಮೆರಿಕದ ಫ್ಲಾರಿಡಾ ಸಂಸ್ಥಾನದ ದಕ್ಷಿಣ ತುದಿಯಿಂದ ಕಡಲಿನೊಳಕ್ಕೆ ಮಣಿಸರದಂತೆ ಚಾಚಿಕೊಂಡಿರುವ ‘ಕೀಸ್’ ದ್ವೀಪಗಳ ಸುತ್ತಣ ತೆಳುನೀರಿನಲ್ಲಿ, ಏಪ್ರಿಲ್‌ನಿಂದ ಜೂನ್‌ವರೆಗೆ ಈ ಆಟದ ಸುಗ್ಗಿ. ಕೊಕ್ಕೆ ನಾಟಿದ ಮೀನು ಮೇಲಕ್ಕೆ ಚಿಮ್ಮಿದೊಡನೆ ದೋಣಿಯ ಮಾರ್ಗದರ್ಶಿ “ಅರಸನಿಗೆ ಬಾಗು!” ಎಂದು ಕೂಗುತ್ತಾನೆ. ಗಾಳಗಾರ ಸೊಂಟ ಬಗ್ಗಿಸಿ, ಕೋಲಿನ ತುದಿಯನ್ನು ಮೀನಿನತ್ತ ಚಾಚಿ, ದಾರವನ್ನು ಸಡಿಲಬಿಡುತ್ತಾನೆ. ಇದು ಶಿಷ್ಟಾಚಾರವಲ್ಲ, ಲೆಕ್ಕಾಚಾರ. ನೀರಿನೊಳಗಿರುವಾಗ ಮೀನಿನ ಭಾರವನ್ನು ನೀರೇ ಹೊತ್ತಿರುತ್ತದೆ. ಗಾಳಿಗೆದ್ದ ನೂರು ಪೌಂಡಿನ ಮೈ ಬಿಗಿದ ದಾರದ ಮೇಲೆ ಎರಗಿತೆಂದರೆ ದಾರ ಹರಿಯಬೇಕು, ಇಲ್ಲವೇ ಕೊಕ್ಕೆ ಕಳಚಬೇಕು. ಬಾಗದವನಿಗೆ ಮೀನಿಲ್ಲ.

ಆ ಅರಸನ ಹೆಸರು ಟಾರ್ಪನ್. ಬಿರುದು ‘ಬೆಳ್ಳಿಯ ಅರಸ’. ಎಂಟು ಅಡಿಯವರೆಗೂ ಬೆಳೆಯಬಲ್ಲ ದೇಹ, ಬೆಳ್ಳಿಯ ರೂಪಾಯಿಗಿಂತ ಅಗಲವಾದ ಹುರುಪೆಗಳು, ಮೇಲಕ್ಕೆ ತಿರುಗಿದ ಕೆಳದವಡೆಯಿಂದಾಗಿ ಸದಾ ಮುನಿದಂತೆ ತೋರುವ ಮುಖ. ಇದರ ಮರಿಹುಳು ಕಡಲಿನಲ್ಲಿ ಗಾಜಿನ ಪಟ್ಟಿಯಂತೆ ತೇಲಿಕೊಂಡು ಬಂದು, ಕಾಂಡ್ಲಾ ಗಿಡಗಳ ನಡುವಣ ಕೆಸರುನೀರನ್ನು ಸೇರಿ ಮೀನಾಗುತ್ತದೆ. ಬೇರೆ ಮೀನುಗಳಿಗೆ ಉಸಿರುಗಟ್ಟುವ ಆ ನೀರಿನಲ್ಲಿ ಇದು ಬದುಕುವ ಗುಟ್ಟೇನೆಂದರೆ, ಇದರ ಒಡಲಿನ ಗಾಳಿಚೀಲವು ಶ್ವಾಸಕೋಶದಂತೆಯೂ ಕೆಲಸ ಮಾಡುತ್ತದೆ. ಆಗಾಗ ಮೇಲೆದ್ದು, ಬೆನ್ನು ಮಿಂಚಿಸಿ, ಒಂದು ಗುಟುಕು ಗಾಳಿ ನುಂಗಿ ಮುಳುಗುತ್ತದೆ. ಸಂತಾನಕ್ಕೆ ತಕ್ಕ ಪ್ರಾಯ ಬರಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಐವತ್ತು ವರ್ಷ ದಾಟಿ ಬದುಕಿದವೂ ಉಂಟು. ಭಾರತದ ಕರಾವಳಿಯಲ್ಲಿಯೂ ಇದರ ದಾಯಾದಿಯೊಂದಿದೆ. ಗಾತ್ರದಲ್ಲಿ ಬಹಳ ಚಿಕ್ಕದಾದರೂ ಗಾಳಿ ಗುಟುಕರಿಸುವ ಕುಲಾಚಾರವನ್ನು ಅದೂ ಬಿಟ್ಟಿಲ್ಲ.

ಇಂತಹ ದೈತ್ಯನನ್ನು ಹಿಡಿಯಲು ಒಯ್ಯುವ ಆಯುಧವನ್ನು ಕಂಡರೆ ನಗು ಬಾರದಿರದು. ಕೊಕ್ಕೆಗೆ ಗರಿ, ರೋಮ, ನೂಲುಗಳನ್ನು ಸುತ್ತಿ ಕಟ್ಟಿದ ಬೆರಳುದ್ದದ ಹುಸಿ ಎರೆ. ಅದಕ್ಕೆ ‘ಫ್ಲೈ’ ಎಂದು ಹೆಸರು. ತೂಕವಿಲ್ಲದ ಅದನ್ನು ಕಲ್ಲಿನಂತೆ ಎಸೆಯಲಾಗದು. ದಪ್ಪ ದಾರವನ್ನೇ ಒಂಬತ್ತು ಅಡಿಯ ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ದಾರದ ಭಾರದಿಂದಲೇ ಎರೆಯನ್ನು ಹಾರಿಸಬೇಕು. ದೋಣಿಯ ಹಿಂಬದಿಯ ಅಟ್ಟದ ಮೇಲೆ ಮಾರ್ಗದರ್ಶಿ ನಿಂತು, ಉದ್ದನೆಯ ಗಳುವಿನಿಂದ ಸದ್ದಿಲ್ಲದೆ ದೋಣಿಯನ್ನು ನೂಕುತ್ತಾನೆ. ಅವನ ಪಾಲಿಗೆ ದೋಣಿಯೇ ಗಡಿಯಾರ, ಮೂತಿಯೇ ಹನ್ನೆರಡು ಗಂಟೆ. “ಹನ್ನೊಂದು ಗಂಟೆಗೆ, ಅರವತ್ತು ಅಡಿ!” ಎಂದನೆಂದರೆ ಕೆಲವೇ ಕ್ಷಣಗಳಲ್ಲಿ ಎರೆ ಮೀನಿನ ದಾರಿಗೆ ಬೀಳಬೇಕು. ಮೀನು ಬಾಯಿ ತೆರೆದಾಗ ಕೋಲನ್ನು ಮೇಲೆತ್ತಿದವನು ಕೆಟ್ಟ. ಅದರ ಬಾಯಿ ಎಲುಬಿನಷ್ಟು ಗಟ್ಟಿ. ಕೈಯಿಂದಲೇ ದಾರವನ್ನು ಜಗ್ಗಿ ಕೊಕ್ಕೆ ನಾಟಿಸಬೇಕು. ಬಳಿಕ ರೀಲಿನಿಂದ ದಾರ ಚೀರುತ್ತ ಓಡುವಾಗ, ಮೀನು ಮತ್ತೆ ಮತ್ತೆ ಆಕಾಶಕ್ಕೆ ನೆಗೆಯುವಾಗ, ಹಿಡಿದವನಾರು ಸಿಕ್ಕಿಬಿದ್ದವನಾರು ಎಂಬ ಸಂದೇಹ ಹುಟ್ಟುತ್ತದೆ.

ಈ ಆನಂದಕ್ಕೆ ತೆರಬೇಕಾದ ಬೆಲೆಯೇನು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ಇಲ್ಲಿ ನೆನಪಾಗದಿರದು. ಮುಳ್ಳು ಹೆಚ್ಚಾದ ಈ ಮೀನನ್ನು ಅಮೆರಿಕದಲ್ಲಿ ತಿನ್ನುವವರು ವಿರಳ. ಆದರೂ ಹಿಂದಿನ ದಶಕಗಳಲ್ಲಿ ಅದನ್ನು ಕೊಂದು, ಧಕ್ಕೆಯಲ್ಲಿ ನೇತುಹಾಕಿ, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು, ಬಿಸಾಡುವುದು ವಾಡಿಕೆಯಾಗಿತ್ತು. ಟೆಕ್ಸಸ್ ಕರಾವಳಿಯ ಪೋರ್ಟ್ ಅರಾನ್ಸಸ್ ಎಂಬ ಊರಿಗೆ ಒಂದು ಕಾಲಕ್ಕೆ ಟಾರ್ಪನ್ ಎಂದೇ ಹೆಸರಿತ್ತು. ಅಲ್ಲಿಯ ಹಳೆಯ ಹೋಟೆಲೊಂದರ ಗೋಡೆಯ ತುಂಬ, ಹಿಡಿದವರು ಸಹಿ ಮಾಡಿ ಅಂಟಿಸಿದ ಸಾವಿರಾರು ಹುರುಪೆಗಳಿವೆ. ೧೯೩೭ರಲ್ಲಿ ಅಲ್ಲಿಗೆ ಬಂದ ಅಧ್ಯಕ್ಷ ರೂಸ್‌ವೆಲ್ಟರ ಸಹಿಯೂ ಅವುಗಳಲ್ಲಿದೆ. ಇಪ್ಪತ್ತನೆಯ ಶತಮಾನದ ನಡುಗಾಲ ಕಳೆಯುವಷ್ಟರಲ್ಲಿ ಆ ತೀರದಲ್ಲಿ ಟಾರ್ಪನ್ ಅಪರೂಪವಾಯಿತು. ಗೋಡೆ ತುಂಬಿತು, ನೀರು ಬರಿದಾಯಿತು.

ದಾಖಲೆಯ ಹುಚ್ಚಿನದು ಇನ್ನೊಂದು ಕಥೆ. ಫ್ಲೈಯಿಂದ ಹಿಡಿದ ಟಾರ್ಪನ್ನುಗಳಲ್ಲಿ ಜೋ ಬ್ರೂಕ್ಸ್ ೧೯೬೧ರಲ್ಲಿ ಹಿಡಿದುದು ೧೪೮ ಪೌಂಡು ದಾಟಿತ್ತು. ೧೯೮೨ರಲ್ಲಿ ಬಿಲ್ಲಿ ಪೇಟ್ ೧೮೮ ಪೌಂಡಿನದನ್ನು ಹಿಡಿದರು. ೨೦೦೧ರಲ್ಲಿ ಹೊಮೊಸಾಸಾ ಎಂಬಲ್ಲಿ ಜೇಮ್ಸ್ ಹಾಲಂಡ್ ಹಿಡಿದ ಮೀನು ೨೦೨ವರೆ ಪೌಂಡು ತೂಗಿ, ಇನ್ನೂರರ ಗಡಿಯನ್ನು ಮೊದಲ ಬಾರಿಗೆ ಮೀರಿತು. ತೂಕ ಹಾಕಬೇಕಾದರೆ ಮೀನು ದಡಕ್ಕೆ ಬರಲೇಬೇಕು. ಅಲ್ಲದೆ ದಾರ ತೆಳುವಾದಷ್ಟೂ ಕೀರ್ತಿ ಹೆಚ್ಚು. ತೆಳುದಾರದಿಂದ ದೊಡ್ಡ ಮೀನನ್ನು ದಣಿಸಲು ಗಂಟೆಗಟ್ಟಲೆ ಹೋರಾಡಬೇಕು. ಮನುಷ್ಯನಿಗೆ ಅದು ಸಾಹಸ; ಮೀನಿಗೆ ನೆತ್ತರೇ ಹುಳಿಯಾಗುವಷ್ಟು ಬಳಲಿಕೆ. ಅದೇ ನೀರಿನಲ್ಲಿ ಸುತ್ತಿಗೆತಲೆಯ ಶಾರ್ಕುಗಳು ಹೊಂಚುಹಾಕುತ್ತಿರುತ್ತವೆ. ಬಳಲಿದ ಟಾರ್ಪನ್ ಅವುಗಳಿಂದ ತಪ್ಪಿಸಿಕೊಳ್ಳಲಾರದು. “ಬಿಟ್ಟುಬಿಟ್ಟೆವು” ಎಂದು ಹರ್ಷದಿಂದ ಕೈ ತೊಳೆದುಕೊಂಡವರು, ಹತ್ತು ಮಾರು ದೂರದಲ್ಲಿ ನೀರು ಕೆಂಪಾಗುವುದನ್ನು ಕಂಡದ್ದುಂಟು.

ಕಾನೂನು ಹಂತಹಂತವಾಗಿ ಎಚ್ಚೆತ್ತಿತು. ೧೯೮೯ರಲ್ಲಿ ಫ್ಲಾರಿಡಾ ಸರಕಾರ, ಟಾರ್ಪನ್ ಕೊಲ್ಲಬಯಸುವವನು ಐವತ್ತು ಡಾಲರು ತೆತ್ತು ಪರವಾನಗಿಯ ಚೀಟಿ ಪಡೆಯಬೇಕೆಂದು ವಿಧಿಸಿತು. ೨೦೧೩ರಲ್ಲಿ ಇನ್ನೂ ಬಿಗಿ ಮಾಡಿ, ದಾಖಲೆಯ ಪ್ರಯತ್ನವೊಂದನ್ನುಳಿದು, ಹಿಡಿದುದನ್ನು ಬಿಡಲೇಬೇಕು, ನಾಲ್ವತ್ತು ಅಂಗುಲ ಮೀರಿದ ಮೀನನ್ನು ನೀರಿನಿಂದ ಮೇಲೆತ್ತಲೇಬಾರದು ಎಂದಿತು. ಈಗ ಮೀನಿನ ಉದ್ದ, ಸುತ್ತಳತೆಗಳನ್ನು ನೀರಿನಲ್ಲಿಯೇ ಅಳೆದು ಗುಣಿಸಿ ತೂಕವನ್ನು ಅಂದಾಜು ಮಾಡುತ್ತಾರೆ. ತಕ್ಕಡಿಗೆ ಇದ್ದ ಪಟ್ಟ ಟೇಪಿಗೆ ಸಂದಿದೆ.

ಆದರೆ ಕಾನೂನಿನ ಕಣ್ಣು ತಲಪದ ಎಡೆಯೊಂದಿದೆ. ನೂರು ಅಡಿ ದೂರದಲ್ಲಿ ಶಾರ್ಕಿನ ರೆಕ್ಕೆ ನೀರು ಸೀಳುತ್ತ ಬರುವಾಗ, ಜೀವಮಾನದ ಅತಿ ದೊಡ್ಡ ಮೀನು ತನ್ನ ದಾರದಲ್ಲಿರುವಾಗ, ಏನು ಮಾಡಬೇಕೆಂಬುದನ್ನು ಗಾಳಗಾರನೇ ನಿರ್ಧರಿಸಬೇಕು. ಒಳ್ಳೆಯ ಮಾರ್ಗದರ್ಶಿಗಳು ಹೇಳುವುದು ಒಂದೇ ಮಾತು: ರೀಲನ್ನು ಅದುಮಿ ಹಿಡಿದು ದಾರವನ್ನು ಹರಿದುಬಿಡು, ಅದರಲ್ಲಿ ಉಸಿರಿರುವಾಗಲೇ ಓಡಲಿ. ಆಗ ತೋರಿಸಲು ಚಿತ್ರವಿಲ್ಲ, ಹೇಳಲು ತೂಕವಿಲ್ಲ. ಮೀನು ನೆಗೆದಾಗ ಬಾಗುವುದು ದಾರವನ್ನು ಉಳಿಸಿಕೊಳ್ಳುವ ಜಾಣತನ. ಅರಸನಿಗೆ ಸಲ್ಲುವ ನಿಜವಾದ ನಮನ, ಆ ದಾರವನ್ನು ತಾನಾಗಿ ಕಡಿದುಕೊಳ್ಳುವುದು.