ಇಕ್ಕಳ ಸಾಕು, ಸಿಮೆಂಟು ಕೊಡಿ

ಸಿದ್ದಾಪುರದ ಅಕ್ಕಿ ಗಿರಣಿಯ ಹಮಾಲನಿಗೆ ದವಡೆ ಹಲ್ಲು ನೋಯತೊಡಗಿದರೆ ಮೊದಲು ಕಿರಾಣಿ ಅಂಗಡಿಯ ಲವಂಗ, ಆಮೇಲೆ ನೋವಿನ ಗುಳಿಗೆ, ಕೊನೆಗೆ ಇಕ್ಕಳ. ಒಂದು ದಿನದ ಕೂಲಿ ಬಿಟ್ಟು ಗಂಗಾವತಿಗೆ ಹೋಗುವವನು ಹಲ್ಲು ಉಳಿಸಿಕೊಳ್ಳಲು ಹೋಗುವುದಿಲ್ಲ, ಕಳಕೊಂಡು ಬರಲು ಹೋಗುತ್ತಾನೆ. ಲವಂಗ ಮಾರಿದ ಅಂಗಡಿಕಾರನ ಪಾಡೂ ಇದಕ್ಕಿಂತ ಮೇಲಲ್ಲ. ಬಾಗಿಲು ಮುಚ್ಚಿದರೆ ಆ ದಿನದ ವ್ಯಾಪಾರ ಹೋಯಿತು. ಹುಳುಕು ಹಲ್ಲಿಗೆ ಏನು ತುಂಬಬೇಕೆಂಬುದು ಪಂಡಿತರ ವಿಷಯ, ನಮಗೇಕೆ ಎಂದು ನಾವು ಸುಮ್ಮನಿದ್ದೇವೆ. ಸುಮ್ಮನಿದ್ದುದರಿಂದಲೇ ಇಕ್ಕಳದ ರಾಜ್ಯ ನಡೆದಿದೆ.

ಹಲ್ಲಿನ ಹೊರಕವಚದ ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ. ಕ್ಯಾಲ್ಸಿಯಂ, ಫಾಸ್ಫೇಟು ಕೂಡಿದ ಹರಳು. ಮನುಷ್ಯನ ಮೈಯಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಮುರಿದ ಎಲುಬು ಕೂಡಿಕೊಳ್ಳುತ್ತದೆ, ಹೋದ ಹೊರಕವಚ ಮತ್ತೆ ಬೆಳೆಯದು. ಸಿಹಿ ತಿಂದಾಗ ಬಾಯಿಯ ಸೂಕ್ಷ್ಮಜೀವಿಗಳು ಹುಟ್ಟಿಸುವ ಹುಳಿಯೇ ಅದನ್ನು ಕರಗಿಸುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಇನ್ನೊಂದು ಕಷ್ಟ. ಅಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿ ದಾಟಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಹಲ್ಲು ಕಂದು ಮಚ್ಚೆ ಹಿಡಿಯುತ್ತದೆ. ವಿಪರೀತವಾದರೆ ಕುಳಿಬಿದ್ದು ಚಕ್ಕೆ ಏಳುತ್ತದೆ.

ತುಂಬುವ ವಸ್ತುಗಳಲ್ಲಿ ಹಳೆಯದು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರದ ಪುಡಿಗೆ ಪಾದರಸ ಬೆರೆಸಿದ ಕಲಸು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸವೇ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ದವಡೆಯ ಒತ್ತಡಕ್ಕೆ ಜಗ್ಗುವುದಿಲ್ಲ. ಇದನ್ನು ಒಪ್ಪಲೇಬೇಕು. ಆದರೆ ಅದು ಹಲ್ಲಿಗೆ ಅಂಟುವುದಿಲ್ಲ. ಕುಳಿಯಲ್ಲಿ ಸಿಕ್ಕಿ ನಿಲ್ಲಲೆಂದು ಯಂತ್ರದಿಂದ ಒಳ್ಳೆಯ ಹಲ್ಲನ್ನೂ ಕೊರೆಯಬೇಕು. ಪಾದರಸದ ಮಾತನ್ನಂತೂ ಜಪಾನಿನ ಮಿನಾಮಾಟಾ ಊರಿನವರನ್ನು ಕೇಳಬೇಕು. ಚಿಸ್ಸೋ ಕಂಪನಿಯ ಕಾರಖಾನೆ ಕಡಲಿಗೆ ಬಿಟ್ಟ ಪಾದರಸ ಮೀನಿನ ಹೊಟ್ಟೆ ಸೇರಿ, ಅಲ್ಲಿಂದ ಬೆಸ್ತರ ಮನೆ ಹೊಕ್ಕು ಅವರ ನರಗಳನ್ನು ಕೆಡಿಸಿತು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ಅದೇ ಊರಿನ ಹೆಸರಿನಲ್ಲಿ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವು ಹಲ್ಲಿಗೆ ಅಮಾಲ್ಗಮ್ ಬಳಸುವುದನ್ನು ಕಡಿಮೆ ಮಾಡುತ್ತ ಬರಬೇಕೆಂದು ವಿಧಿಸಿತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು. (ಈಗಾಗಲೇ ತುಂಬಿಸಿಕೊಂಡವರು ಗಾಬರಿಯಾಗಿ ತೆಗೆಸಲು ಓಡಬೇಕಾಗಿಲ್ಲ.)

ಪಟ್ಟಣದ ಖಾಸಗಿ ದವಾಖಾನೆಗಳಲ್ಲಿ ಈಗ ಹಲ್ಲಿನ ಬಣ್ಣದ್ದೇ ಆದ ಕಾಂಪೋಸಿಟ್ ನಡೆಯುತ್ತದೆ: ರಾಳದಲ್ಲಿ ಗಾಜಿನ ನುಣ್ಣನೆಯ ಪುಡಿ ಕಲಸಿ ನೀಲಿ ಬೆಳಕಿನಿಂದ ಗಟ್ಟಿ ಮಾಡುವುದು. ನೋಡಲು ಚೆಂದ. ಆದರೆ ಜೊಲ್ಲು ಸೋಕಕೂಡದು, ಸಲಕರಣೆ ಬೇಕು, ದುಡ್ಡೂ ಬೇಕು. ಮೇಲಾಗಿ ಫ್ಲೋರೈಡಿನಿಂದ ಕೆಟ್ಟ ಹಲ್ಲಿನ ಮೇಲೆ ಅದರ ಹಿಡಿತ ಅಷ್ಟಾಗಿ ನಂಬುವಂಥದಲ್ಲ.

ಮೂರನೆಯದೊಂದಿದೆ, ಗ್ಲಾಸ್ ಅಯನೋಮರ್ ಸಿಮೆಂಟು. 1970ರ ಸುಮಾರಿಗೆ ಇದನ್ನು ಕಂಡುಹಿಡಿದವರು ಲಂಡನ್ನಿನ ಸರಕಾರಿ ರಸಾಯನ ಪ್ರಯೋಗಶಾಲೆಯ ವಿಲ್ಸನ್ ಮತ್ತು ಕೆಂಟ್. ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆ ಎಂಬುದನ್ನು ಗಮನಿಸಬೇಕು. ಗಾಜಿನ ಪುಡಿಗೆ ಒಂದು ಹುಳಿ ದ್ರವ ಹಾಕಿ ಕಲಸಿದರೆ ಹುಳಿಯು ಪುಡಿಯೊಡನೆ ಕೂಡಿ ಗಟ್ಟಿಯಾಗುತ್ತದೆ, ಜೊತೆಗೆ ಹಲ್ಲಿನ ಕ್ಯಾಲ್ಸಿಯಮ್ಮನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಗದ್ದೆಗಳಿಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟಿನ ಕಲ್ಲುಗಳನ್ನು ಸುರ್ಕಿ ಗಾರೆ ಹಿಡಿದು ನಿಲ್ಲಿಸಿದೆಯಲ್ಲ, ಹಾಗೆಯೇ ಇದೂ ಕಚ್ಚಿಕೊಳ್ಳುತ್ತದೆ. ಇದರಿಂದಲೂ ಫ್ಲೋರೈಡು ಜಿನುಗುತ್ತದೆ. ಯಲಬುರ್ಗಾದವರು ಬೆಚ್ಚಬೇಕಾಗಿಲ್ಲ: ಕೊಡಗಟ್ಟಲೆ ನೀರಿನಲ್ಲಿ ಹೊಟ್ಟೆಗೆ ಇಳಿಯುವುದೇ ಬೇರೆ, ತುಂಬಿದ ಹಲ್ಲಿನ ಅಂಚಿನಲ್ಲಿ ಅತ್ಯಲ್ಪವಾಗಿ ಜಿನುಗುವುದೇ ಬೇರೆ.

1980ರ ದಶಕದಲ್ಲಿ ಆಫ್ರಿಕಾದ ತಾಂಜಾನಿಯಾದಲ್ಲಿ ವಿದ್ಯುತ್ತಿಲ್ಲದ ಹಳ್ಳಿಗಳಿಗೂ ಒಗ್ಗುವ ಪದ್ಧತಿಯೊಂದು ರೂಪುಗೊಂಡಿತು. ಕೊಳೆತ ಭಾಗವನ್ನು ಕೈ ಉಪಕರಣದಿಂದ ಕೆರೆದು ಇಂಥ ಸಿಮೆಂಟು ತುಂಬುವುದು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ಸಿಮೆಂಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದೋಷಗಳಿಲ್ಲವೆಂದಲ್ಲ. ಅಮಾಲ್ಗಮ್ಮಿಗಿಂತ ಬೇಗ ಸವೆಯುತ್ತದೆ. ದೊಡ್ಡ ಕುಳಿಯಲ್ಲಿ ಬಿರಿದು ಬೀಳಬಹುದು. ಹೊಸದರಲ್ಲಿ ಜೊಲ್ಲು ತಾಗದಂತೆ ವ್ಯಾಸಲೀನಿನಂಥದನ್ನು ಸವರಬೇಕು. ಹುಳುಕು ನರಕ್ಕೆ ಮುಟ್ಟಿದ್ದರೆ ಬರಿಯ ಸಿಮೆಂಟಿನಿಂದ ಕೆಲಸವಾಗದು. ಹಾಗಾದರೆ ಮುಟ್ಟುವ ಮೊದಲೇ, ಊರಿನಲ್ಲೇ ತುಂಬಬೇಕೆಂದಾಯಿತು.

ಕರ್ನಾಟಕ ಸರಕಾರ ದಂತ ಭಾಗ್ಯ ಎಂಬ ಯೋಜನೆಯಲ್ಲಿ ಬಡ ವೃದ್ಧರಿಗೆ ಪುಕ್ಕಟೆ ಹಲ್ಲಿನ ಕಟ್ಟು ಕೊಡಿಸಿತು. ಬೇಡವೆನ್ನುವವರಾರು? ಆದರೆ ಅದು ಅಕ್ರಿಲಿಕ್ ಪ್ಲಾಸ್ಟಿಕ್ಕು. ಕೈಜಾರಿ ಬಿದ್ದರೆ ಒಡೆಯುತ್ತದೆ, ಕುದಿಯುವ ನೀರಿಗೆ ಹಾಕಿದರೆ ಸೊಟ್ಟಗಾಗುತ್ತದೆ. ಸ್ವಂತ ಹಲ್ಲಿನಂತೆ ಜೋಳದ ಕಟಕ ರೊಟ್ಟಿ ಕಡಿಯಲು ಅದರಿಂದಾಗದು. ಬಾಯಿ ಬರಿದಾದ ಮೇಲೆ ಕಟ್ಟು ಕೊಡುವ ಸರಕಾರ ಮೊದಲ ಕುಳಿ ಬಿದ್ದಾಗಲೇ ಬರಬೇಕಾಗಿತ್ತು.

ನಮ್ಮ ಬೇಡಿಕೆ ದೊಡ್ಡದಲ್ಲ. ಸಿದ್ದಾಪುರದಂಥ ಪ್ರತಿಯೊಂದು ಊರಿನ ಸರಕಾರಿ ದವಾಖಾನೆಯಲ್ಲಿ ಈ ಪುಡಿ ಮತ್ತು ದ್ರವ ಸದಾ ದಾಸ್ತಾನಿರಬೇಕು. ವಾರಕ್ಕೊಂದು ದಿನ, ಗಿರಣಿ ಪಾಳಿ ಬಿಟ್ಟು ಅಂಗಡಿ ಮುಚ್ಚಿದ ಮೇಲೆ, ದಂತವೈದ್ಯರು ಅಲ್ಲಿ ಕೂರಬೇಕು. ಶಾಲೆಯ ಮಕ್ಕಳನ್ನು ಮೊದಲು ನೋಡಬೇಕು. ಹಲ್ಲು ತುಂಬಿಸಿಕೊಳ್ಳಲು ಹೋದ ಹಮಾಲನ ಅರ್ಧ ದಿನದ ಕೂಲಿಯನ್ನು ಗಿರಣಿ ಮಾಲಕರು ಕಡಿಯಕೂಡದು.