ಕಂಪ್ಯೂಟರಿಗೆ ಹೇಳದೇ ಬಿಟ್ಟ ನೆರೆಗಳು

ಜರ್ಮನಿಯ ಆರ್ ನದಿ ಹೆಸರಿಗಷ್ಟೇ ನದಿ. ದ್ರಾಕ್ಷಿ ತೋಟಗಳ ನಡುವೆ ಹರಿದು ರೈನ್ ಸೇರುವ ಹೊಳೆ ಅದು. 2021ರ ಜುಲೈ 14ರ ರಾತ್ರಿ ಅದು ಉಕ್ಕಿ ಬಂದಾಗ ಆ ಒಂದೇ ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತರು.

ಅಲ್ಲಿ ತಂತ್ರಜ್ಞಾನಕ್ಕೇನೂ ಬರವಿರಲಿಲ್ಲ. 2002ರ ಎಲ್ಬ್ ನೆರೆಯ ನಂತರ ಯುರೋಪು ಕಟ್ಟಿಕೊಂಡ ಪ್ರವಾಹ ಮುನ್ಸೂಚನಾ ವ್ಯವಸ್ಥೆ ರೈನ್ ಜಲಾನಯನಕ್ಕೆ ಕೆಲವು ದಿನ ಮೊದಲೇ ಎಚ್ಚರಿಕೆ ಕಳಿಸಿತ್ತು. ಯಾವ ಬೀದಿಗೆ ನೀರು ನುಗ್ಗೀತು ಎಂದು ತೋರಿಸುವ ನಕ್ಷೆಯೂ ಸಿದ್ಧವಿತ್ತು. ಎಡವಿದ್ದರಲ್ಲಿ ಆ ನಕ್ಷೆಯೂ ಒಂದು.

ನೆಲದ ಏರುತಗ್ಗು, ಹೊಳೆಯ ಅಗಲ-ಆಳ, ಬರುವ ನೀರಿನ ಪ್ರಮಾಣ ಇಷ್ಟನ್ನು ಕೊಟ್ಟರೆ ನೀರು ಎಲ್ಲಿಯವರೆಗೆ ಹರಡುತ್ತದೆ ಎಂದು ಕಂಪ್ಯೂಟರ್ ಮಾದರಿ ಲೆಕ್ಕ ಹಾಕುತ್ತದೆ. ಆದರೆ ಆ ಪ್ರಮಾಣವನ್ನು, ಅಂದರೆ ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಷ್ಟು ದೊಡ್ಡದು ಎಂಬುದನ್ನು, ಹಳೆಯ ದಾಖಲೆಯೇ ಹೇಳಬೇಕು. ಆರ್ ದಂಡೆಯ ಆಲ್ಟೆನಾರ್ ಊರಿನ ಮಾಪನ ಕೇಂದ್ರದ ದಾಖಲೆ ಶುರುವಾಗುವುದು 1940ರ ದಶಕದಲ್ಲಿ. ಅದಕ್ಕೂ ಹಿಂದೆ, 1804 ಮತ್ತು 1910ರಲ್ಲಿ, ಇದೇ ಕಣಿವೆಯಲ್ಲಿ ಭೀಕರ ನೆರೆ ಬಂದಿತ್ತು. ಇತಿಹಾಸಕಾರರಿಗೆ ಗೊತ್ತಿದ್ದ ಈ ಎರಡೂ ನೆರೆಗಳು ನಕ್ಷೆಯ ಲೆಕ್ಕಕ್ಕೆ ಸೇರಲೇ ಇಲ್ಲ. 2021ಕ್ಕೆ ಮುನ್ನ ಕೇಂದ್ರ ಅಳೆದಿದ್ದ ಗರಿಷ್ಠ ಮಟ್ಟ 2016ರ 3.71 ಮೀಟರ್. 2021ರಲ್ಲಿ ಮಾಪಕವೇ ಕೊಚ್ಚಿಹೋಯಿತು. ನೀರು ಸುಮಾರು 10 ಮೀಟರ್ ಏರಿತ್ತೆಂದು ತಜ್ಞರು ಆಮೇಲೆ ಅಂದಾಜಿಸಿದರು.

ಮರ, ಕಾರು, ಪ್ರವಾಸಿಗರ ಕ್ಯಾರವಾನ್‌ಗಳು ಸೇತುವೆಗಳ ಕಮಾನಿಗೆ ಸಿಕ್ಕಿಕೊಂಡು ನೀರನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಅನಾಹುತ. ಆ ಕಸದ ಲೆಕ್ಕವೂ ನಕ್ಷೆಯಲ್ಲಿರಲಿಲ್ಲ.

ಕರ್ನಾಟಕಕ್ಕೆ ಇದು ದೂರದ ದೇಶದ ಕಥೆಯಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಆ ಮಾಪಕಗಳ ಅಂಕಿಅಂಶಕ್ಕಿನ್ನೂ ಎಳೆಯ ವಯಸ್ಸು. 1924ರ ಕಾವೇರಿ ಮಹಾಪೂರ ಅದಕ್ಕೆ ಗೊತ್ತಿಲ್ಲ. ಆ ನೆನಪು ಇರುವುದು ಹಳೆಯ ಕಂದಾಯ ಕಡತಗಳಲ್ಲಿ, ಅಂದಿನ ಪತ್ರಿಕೆಗಳಲ್ಲಿ, ಮನೆಮಂದಿ ಹೇಳಿಕೊಂಡು ಬಂದ ಮಾತಿನಲ್ಲಿ. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯ ಗುರುತುಗಳ ಮೇಲೂ ಈಗ ಸುಣ್ಣ ಬಣ್ಣ ಬೀಳುತ್ತಿದೆ.

ನೆರೆಯ ಕಂಪ್ಯೂಟರ್ ಮಾದರಿ ಮಾಡಿಸಲು ಟೆಂಡರ್ ಕರೆಯುವ ಮುನ್ನ ಸರ್ಕಾರ ಒಂದು ಅಗ್ಗದ ಕೆಲಸ ಮಾಡಲಿ. ನದಿದಂಡೆಯ ಪ್ರತಿ ಊರಿನಲ್ಲೂ ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ವಿಚಾರಿಸಿ, ಅಳೆದು, ವರ್ಷದ ಸಮೇತ ದಾಖಲಿಸಲಿ. ಗೊತ್ತಿರುವ ಹಿರಿಯರೂ ಯಾರಾದರೂ ಬಂದು ಕೇಳಲಿ ಎಂದು ಕಾಯದೆ, ಇಂದೇ ಪಂಚಾಯಿತಿಗೆ ಬರೆದು ಕೊಡಲಿ.